ಹಿತ್ತಲ ಕೋಳಿಯ ಮೊಟ್ಟೆದಾರಿಯ ರೋಗಗಳು: ಬೆಳುವಾಯಿ ಸೀಮೆಯ ಒಂದು ಅಲಿಖಿತ ವೈದ್ಯದ ಚರಿತ್ರೆ

ಮೂಡುಬಿದಿರೆಯಿಂದ ಕಾರ್ಕಳಕ್ಕೆ ಹೋಗುವ ಹಾದಿಯಲ್ಲಿರುವ ಬೆಳುವಾಯಿ ಒಂದು ಕೃಷಿಗ್ರಾಮ. ಬಯಲುಸೀಮೆಯ ಊರುಗಳಂತೆ ಇಲ್ಲಿಯ ಮನೆಗಳು ಒಂದೆಡೆ ಒತ್ತಾಗಿ ಸೇರಿಲ್ಲ. ಗದ್ದೆಯ ಅಂಚಿಗೊಂದು, ಗುಡ್ಡದ ಇಳುಕಲಿಗೊಂದು, ತೋಟದ ತಲೆಗೊಂದು ಎಂಬಂತೆ ಚದರಿಕೊಂಡಿವೆ. ಕೋಳಿ ಸಾಕುವ ಮನೆಗಳ ಹಿತ್ತಲಲ್ಲಿ ನಾಲ್ಕಾರು ಕೋಳಿಗಳಿರುವುದು ಇಲ್ಲಿಯ ಸಾಮಾನ್ಯ ದೃಶ್ಯ. ಈ ಕೋಳಿಗಳಿಗೆ ಮೊಟ್ಟೆಯಿಡುವ ಅಂಗಗಳಲ್ಲಿ ಬರುವ ಬೇನೆಗಳನ್ನೂ ಅವುಗಳಿಗೆ ಮನೆಯವರು ಮಾಡುತ್ತ ಬಂದ ಉಪಚಾರವನ್ನೂ ಚರಿತ್ರೆಯ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ. ವಿಷಯವು ಅಲ್ಪವೆಂದು ತೋರಬಹುದು. ಆದರೆ ಒಂದು ಪ್ರದೇಶದ ಜನಜೀವನದಲ್ಲಿ ಶತಮಾನಗಳ ಕಾಲ ನಡೆದುಬಂದ ವಿದ್ಯೆಯೊಂದು ಬರಹದಲ್ಲಿ ಏಕೆ ಉಳಿಯಲಿಲ್ಲ ಎಂಬ ಪ್ರಶ್ನೆ ಅಲ್ಪವಾದುದಲ್ಲ. ಆ ಪ್ರಶ್ನೆಗೆ ಕೊಡುವ ಉತ್ತರವನ್ನವಲಂಬಿಸಿ ನಾವು ಯಾವುದನ್ನು ಚರಿತ್ರೆಯ ಆಧಾರವೆಂದು ಎಣಿಸುತ್ತೇವೆ ಎಂಬುದೂ ನಿರ್ಣಯವಾಗುತ್ತದೆ.

1. ಶಾಸ್ತ್ರಗ್ರಂಥಗಳು ಮತ್ತು ಕೋಳಿ

ಪಶುವೈದ್ಯದ ವಿಷಯದಲ್ಲಿ ನಮ್ಮ ನಾಡಿನ ಸಾಹಿತ್ಯ ಬಡವಾದುದಲ್ಲ. ಕ್ರಿ.ಶ. 1025ರ ಸುಮಾರಿನಲ್ಲಿ ರಚಿತವಾದ ಚಾವುಂಡರಾಯನ 'ಲೋಕೋಪಕಾರ'ವು ಜಲಶೋಧನೆ, ವೃಕ್ಷವೈದ್ಯ, ಪಾಕಶಾಸ್ತ್ರಗಳೊಡನೆ ಪ್ರಾಣಿಚಿಕಿತ್ಸೆಯನ್ನೂ ಒಳಗೊಂಡಿದೆ. ಕಲ್ಯಾಣ ಚಾಳುಕ್ಯರ ರಾಜಕುಮಾರ ಕೀರ್ತಿವರ್ಮನು ಕನ್ನಡದಲ್ಲಿ 'ಗೋವೈದ್ಯ'ವನ್ನು ಬರೆದನು. ಅಭಿನವಚಂದ್ರನು ಕುದುರೆಯ ವೈದ್ಯವನ್ನು ಕುರಿತು ಬರೆದನು. ಸಂಸ್ಕೃತದಲ್ಲಿ ಪಾಲಕಾಪ್ಯನ ಹೆಸರಿನಲ್ಲಿ ಗಜವೈದ್ಯವೂ ಶಾಲಿಹೋತ್ರನ ಹೆಸರಿನಲ್ಲಿ ಅಶ್ವವೈದ್ಯವೂ ಪ್ರಸಿದ್ಧವಾಗಿವೆ. ಆನೆ ಮತ್ತು ಕುದುರೆ ರಾಜನ ಸೈನ್ಯಕ್ಕೆ ಬೇಕು. ಹಸು ಎತ್ತುಗಳು ಕೃಷಿಗೆ ಬೇಕು. ಆದುದರಿಂದ ಈ ಮೂರಕ್ಕೆ ಶಾಸ್ತ್ರಗಳು ಹುಟ್ಟಿದುದು ಸಹಜವೇ ಆಗಿದೆ.

ಕೋಳಿಯಾದರೋ ಸಾಹಿತ್ಯದಲ್ಲಿ ಬೇರೆ ಬೇರೆ ವೇಷಗಳಲ್ಲಿ ಬರುತ್ತದೆ. ಅಶೋಕನ ಐದನೆಯ ಸ್ತಂಭಶಾಸನವು ಹುಂಜಗಳ ಬೀಜ ತೆಗೆಯಬಾರದೆಂದು ವಿಧಿಸುತ್ತದೆ. ಕೋಳಿಯ ಜನನಾಂಗಕ್ಕೆ ಸಂಬಂಧಿಸಿದ ರಾಜಾಜ್ಞೆಗಳಲ್ಲಿ ಇದಕ್ಕಿಂತ ಹಳೆಯದು ನಮ್ಮ ದೇಶದಲ್ಲಿ ಕಾಣುವುದು ದುರ್ಲಭ. ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ (ಸು. 1130) ಕುಕ್ಕುಟವಿನೋದಕ್ಕೆ, ಎಂದರೆ ಕೋಳಿಯ ಕಾಳಗಕ್ಕೆ, ಪ್ರತ್ಯೇಕ ಸ್ಥಾನವಿದೆ. ಜನ್ನನ 'ಯಶೋಧರ ಚರಿತೆ'ಯಲ್ಲಿ (1209) ಹಿಟ್ಟಿನ ಕೋಳಿಯೊಂದನ್ನು ಬಲಿಗೊಟ್ಟ ಸಂಕಲ್ಪಹಿಂಸೆಯೇ ಕಥೆಯ ಬೀಜವಾಗಿದೆ. ಹೀಗೆ ಕೋಳಿಯು ದಯೆಗೆ ಪಾತ್ರವಾಗಿ, ವಿನೋದದ ಸಾಧನವಾಗಿ, ಬಲಿಯಾಗಿ ಕಾಣಿಸಿಕೊಳ್ಳುತ್ತದೆ. ರೋಗಿಯಾಗಿ ಕಾಣಿಸಿಕೊಳ್ಳುವುದು ಅಪೂರ್ವ. ಅದರಲ್ಲಿಯೂ ಮೊಟ್ಟೆಯಿಡುವ ಹೇಂಟೆಗೆ ಹುಂಜಕ್ಕೆ ಸಿಕ್ಕಷ್ಟು ಸ್ಥಳವೂ ಸಿಕ್ಕಿಲ್ಲ.

2. ಮೌನದ ಕಾರಣಗಳು

ಇದಕ್ಕೆ ಮೊದಲು ತೋರುವ ಕಾರಣ ಮಡಿಮೈಲಿಗೆಯದು. ಬೆಳುವಾಯಿಗೆ ಕೆಲವೇ ಮೈಲಿ ದೂರದ ಮೂಡುಬಿದಿರೆಯು ಸಾವಿರ ಕಂಬದ ಬಸದಿ (1430) ಮತ್ತು ಧವಲಾದಿ ಸಿದ್ಧಾಂತ ಗ್ರಂಥಗಳ ತಾಳೆಯೋಲೆಗಳಿಂದ ಪ್ರಖ್ಯಾತವಾದ ಜೈನಕೇಂದ್ರ. ಅಲ್ಲಿ ಓಲೆ ಬರೆಯಬಲ್ಲವರು ಕೋಳಿ ಸಾಕಿದವರಲ್ಲ. ಕೋಳಿ ಸಾಕಿದ ಒಕ್ಕಲುಮನೆಗಳ ಕೈಗೆ ಕಂಠ ಬಹುಮಟ್ಟಿಗೆ ಬಂದುದಿಲ್ಲ. ಬರೆಯುವವರ ಜಗತ್ತು ಒಂದು, ಸಾಕುವವರ ಜಗತ್ತು ಇನ್ನೊಂದು ಆಗಿದ್ದಲ್ಲಿ ಗ್ರಂಥ ಹುಟ್ಟದಿರುವುದು ಆಶ್ಚರ್ಯವಲ್ಲ.

ಆದರೆ ಈ ಒಂದು ಕಾರಣವೇ ಸಾಕೆಂದು ನಮಗೆ ತೋರುವುದಿಲ್ಲ. ಕೋಳಿಯನ್ನು ಮೈಲಿಗೆಯೆಂದು ಎಣಿಸದ ಯುರೋಪಿನಲ್ಲಿಯೂ ಸಂಗತಿ ಹೆಚ್ಚು ಭಿನ್ನವಾಗಿರಲಿಲ್ಲ. ರೋಮಿನ ಕೊಲುಮೆಲ್ಲನು ಮೊದಲನೆಯ ಶತಮಾನದಲ್ಲಿ ಕೋಳಿಸಾಕಣೆಯನ್ನು ವಿವರವಾಗಿ ಬರೆದನೆಂಬುದು ನಿಜ. ಆದರೂ 1761ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಸ್ಥಾಪಿತವಾದ ಪಶುವೈದ್ಯಶಾಲೆಯು ಕುದುರೆ ದನಗಳನ್ನೇ ಮುಖ್ಯವಾಗಿ ಗಮನಿಸಿತು. ಕೋಳಿಯು ರೈತನ ಹೆಂಡತಿಯ ವ್ಯವಹಾರವೆಂದು ಅಲ್ಲಿಯೂ ಬಹುಕಾಲ ಭಾವಿಸಲಾಗುತ್ತಿದ್ದಿತು. ಅಮೆರಿಕದಲ್ಲಿ ಪರ್ಲ್, ಸರ್ಫೇಸ್ ಮತ್ತು ಕರ್ಟಿಸ್ ಎಂಬವರು ಕೋಳಿಯ ರೋಗಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿದುದು 1915ರಲ್ಲಿ. ಕೋಳಿಯು ದೊಡ್ಡ ಉದ್ಯಮವಾಗತೊಡಗಿದ ಮೇಲೆಯೇ ಅದು ವೈದ್ಯಶಾಸ್ತ್ರದ ಕಣ್ಣಿಗೆ ಬಿದ್ದಿತು.

ಇದರಿಂದ ನಾವು ಗ್ರಹಿಸಬೇಕಾದುದಿಷ್ಟು. ಮೈಲಿಗೆಯ ಭಾವನೆಗಿಂತಲೂ ಬಲವಾದ ಎರಡು ಕಾರಣಗಳುಂಟು. ಮೊದಲನೆಯದು ಬೆಲೆ. ಎತ್ತು ಸತ್ತರೆ ಒಕ್ಕಲಿನ ಆ ವರ್ಷದ ಉಳುಮೆಯೇ ಕೆಡುತ್ತದೆ. ಕೋಳಿ ಸಾಯುವ ಲಕ್ಷಣ ಕಂಡರೆ ಅಂದಿನ ಸಾರಿಗಾದರೂ ಆಗುತ್ತದೆ. ಕೊನೆಯ ಚಿಕಿತ್ಸೆ ಅಡುಗೆಮನೆಯಲ್ಲಿದ್ದಾಗ ದುಬಾರಿಯಾದ ವೈದ್ಯಕ್ಕೆ ಎಡೆಯಿಲ್ಲ. ಎರಡನೆಯದು, ಈ ವಿದ್ಯೆ ಹೆಂಗಸರ ಕೈಯಲ್ಲಿದ್ದುದು. ಮೊಟ್ಟೆ ಮರಿಗಳ ಮಾರಾಟದಿಂದ ಬಂದ ಪುಡಿಗಾಸು ಎಷ್ಟೋ ಮನೆಗಳಲ್ಲಿ ಹೆಂಗಸು ತಾನಾಗಿ ಖರ್ಚುಮಾಡಬಹುದಾಗಿದ್ದ ಹಣವಾಗಿತ್ತು. ಗೇಣಿ ಲೆಕ್ಕದಲ್ಲಿ ಭತ್ತದ ಮುಡಿಗಳು ಬರೆಯಲ್ಪಟ್ಟುವು. ಹಿತ್ತಲ ಲೆಕ್ಕ ಬರೆಯಲ್ಪಡಲಿಲ್ಲ. 1801ರಲ್ಲಿ ಮೂಡುಬಿದಿರೆ ಕಾರ್ಕಳಗಳ ಮೇಲೆ ಹಾದುಹೋದ ಫ್ರಾನ್ಸಿಸ್ ಬುಕಾನನ್ನನಿಗೆ ಗವರ್ನರ್ ಜನರಲ್ ವೆಲ್ಲೆಸ್ಲಿಯು ವಹಿಸಿದ್ದ ಕೆಲಸವೂ ಬೆಳೆ, ದನ, ಭೂಮಿಯ ಹಿಡುವಳಿ ಮುಂತಾದವುಗಳ ವಿಚಾರಣೆಯೇ ಆಗಿತ್ತು.

3. ಹುಂಜದ ವೈದ್ಯ, ಹೇಂಟೆಯ ವೈದ್ಯ

ತುಳುನಾಡಿನಲ್ಲಿ ಕೋಳಿಗೆ ಸಂಬಂಧಿಸಿದ ವಿದ್ಯೆ ಇರಲೇ ಇಲ್ಲವೆಂದು ಯಾರೂ ಹೇಳಲಾರರು. ಕೋಳಿ ಅಂಕದ ಸುತ್ತ ಬೆಳೆದ ವಿದ್ಯೆಯನ್ನು ನೋಡಿದರೆ ಸಾಕು. ಹುಂಜಗಳನ್ನು ಬಣ್ಣದಿಂದ ವಿಂಗಡಿಸಿ, ಯಾವ ದಿನ ಯಾವ ಬಣ್ಣಕ್ಕೆ ಜಯವೆಂದು ತಿಳಿಸುವ ಕುಕ್ಕುಟ ಪಂಚಾಂಗವೇ ಇದೆ. ಕಾಲಿಗೆ ಕಟ್ಟಿದ ಬಾಳಿನಿಂದ ಗಾಯಗೊಂಡ ಹುಂಜವನ್ನು ಅಂಕದ ಬದಿಯಲ್ಲಿಯೇ ಸೂಜಿದಾರದಿಂದ ಹೊಲಿಯಬಲ್ಲ ಕುಶಲಿಗಳಿದ್ದರು. ಪ್ರಾಣಿಹಿಂಸೆಯನ್ನು ತಡೆಯುವ 1960ರ ಕಾಯಿದೆಯು ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದನ್ನು ಅಪರಾಧವೆಂದು ಸಾರಿದರೂ ಆ ವಿದ್ಯೆ ಪೂರ್ತಿಯಾಗಿ ಅಳಿಯಲಿಲ್ಲ. ಅದು ಗಂಡಸರ ವಿದ್ಯೆ, ಸಾರ್ವಜನಿಕವಾದುದು, ಸೋಲುಗೆಲುವಿಗೂ ಪಣಕ್ಕೂ ಸೇರಿದುದು. ಆದುದರಿಂದ ಅದಕ್ಕೆ ಪಂಚಾಂಗವಾದರೂ ದೊರೆಯಿತು.

ಹೇಂಟೆಯ ವೈದ್ಯ ಇದಕ್ಕೆ ವಿರುದ್ಧವಾದುದು. ಅದು ಗೂಡಿನ ಬಾಗಿಲಲ್ಲಿ, ಬೆಳಗಿನ ನಸುಕಿನಲ್ಲಿ, ನೋಡುವವರಿಲ್ಲದೆ ನಡೆಯುವಂತಹುದು. ಆದರೆ ಅದರ ಕುರುಹುಗಳು ಭಾಷೆಯಲ್ಲಿ ಉಳಿದಿವೆ. ತುಳುವಿನಲ್ಲಿ ಕೋಳಿಗೆ 'ಕೋರಿ' ಎಂಬುದು ಸಾಮಾನ್ಯ ಹೆಸರು. ಆದರೆ ಹುಂಜಕ್ಕೆ 'ಪೂಂಜ', ಮೊಟ್ಟೆಯಿಡುವ ಹೇಂಟೆಗೆ 'ಪೇರಡೆ', ಇನ್ನೂ ಎಳೆಯದಾದ ಹೆಣ್ಣುಕೋಳಿಗೆ 'ಲಾಕಿ' ಎಂದು ಬೇರೆ ಬೇರೆ ಶಬ್ದಗಳಿವೆ. ಎಳೆಯ ಹೆಣ್ಣನ್ನೂ ಮೊಟ್ಟೆಯಿಡುವ ಹೆಣ್ಣನ್ನೂ ಹೆಸರಿನಿಂದಲೇ ಪ್ರತ್ಯೇಕಿಸುವ ಜನರು ಅವುಗಳ ದೇಹಸ್ಥಿತಿಯ ವ್ಯತ್ಯಾಸವನ್ನು ಗಮನಿಸಿದವರೇ ಆಗಿರಬೇಕು. ಮೊಟ್ಟೆದಾರಿಯ ಬೇನೆಗಳಲ್ಲಿ ಕೆಲವು ಎಳೆಯ ಕೋಳಿಯ ಮೊದಲ ಮೊಟ್ಟೆಗಳ ಕಾಲದಲ್ಲಿಯೇ ಹೆಚ್ಚು ಎಂಬುದನ್ನು ನೆನೆದರೆ ಈ ಶಬ್ದಭೇದದ ಬೆಲೆ ತಿಳಿಯುತ್ತದೆ.

4. ದೇಹ, ನೆಲ, ಮಳೆ

ಉಪಚಾರವನ್ನು ವಿಚಾರಿಸುವ ಮುನ್ನ ಬೇನೆಯ ಸ್ವರೂಪವನ್ನು ಹೇಳಬೇಕು. ಕೋಳಿಗೆ ಸಾಮಾನ್ಯವಾಗಿ ಎಡಗಡೆಯ ಅಂಡಾಶಯ ಮತ್ತು ಅಂಡನಾಳ ಮಾತ್ರ ಬೆಳೆದು ಕೆಲಸಮಾಡುತ್ತವೆ. ಒಂದು ಮೊಟ್ಟೆ ಸಿದ್ಧವಾಗಲು ಸುಮಾರು 25 ಗಂಟೆ ಬೇಕು. ಅದರಲ್ಲಿ 20 ಗಂಟೆಯಷ್ಟು ಕಾಲ ಚಿಪ್ಪು ಕಟ್ಟುವುದರಲ್ಲಿಯೇ ಕಳೆಯುತ್ತದೆ. ಮಲ, ಮೂತ್ರ, ಮೊಟ್ಟೆ ಈ ಮೂರಕ್ಕೂ ಹೊರದಾರಿ ಒಂದೇ. ಮೊಟ್ಟೆ ಇಡುವಾಗ ಅಂಡನಾಳದ ತುದಿ ಕ್ಷಣಕಾಲ ಹೊರಮಗುಚಿ, ಮೊಟ್ಟೆಗೆ ಮಲ ತಾಗದಂತೆ ಮಾಡಿ, ಮತ್ತೆ ಒಳಸೇರುತ್ತದೆ. ಹೀಗೆ ಒಳಸೇರದೆ ಹೊರಗೇ ಉಳಿದರೆ ಅದೇ ಅಂಡನಾಳದ ಜಾರುವಿಕೆ. ಮೊಟ್ಟೆ ಹೊರಬರಲಾರದೆ ಒಳಗೇ ಸಿಕ್ಕಿಕೊಳ್ಳುವುದು ಇನ್ನೊಂದು ಬೇನೆ. ಭಂಡಾರ ಅಥವಾ ಒಡೆದ ಮೊಟ್ಟೆ ಉದರದೊಳಗೆ ಬಿದ್ದು ಕೀವಾಗುವುದು ಮೂರನೆಯದು. ಹಿಂದ್ವಾರದ ಸುತ್ತಣ ಗರಿಗಳಲ್ಲಿ ಹೇನು ಉಣ್ಣಿಗಳು ಮುತ್ತಿ ಚರ್ಮ ಹುಣ್ಣಾಗುವುದು ನಾಲ್ಕನೆಯದು.

ಇವುಗಳಿಗೆ ಬೆಳುವಾಯಿಯ ನೆಲ ಮತ್ತು ಹವೆಗಳ ಸಂಬಂಧವುಂಟು. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಮಿನಷ್ಟು ಕ್ಯಾಲ್ಸಿಯಂ ಬೇಕು. ಕರಾವಳಿಯ ಮುರಕಲ್ಲಿನ ಮಣ್ಣಾದರೋ ವರ್ಷಕ್ಕೆ ಸುಮಾರು 4000 ಮಿಲಿಮೀಟರಿನ ಮಳೆಯಲ್ಲಿ ತೊಳೆದು, ಸುಣ್ಣದ ಅಂಶವನ್ನು ಕಳೆದುಕೊಂಡ ಹುಳಿಮಣ್ಣು. ಅಲ್ಲಿ ಮೇಯುವ ಕೋಳಿಗೆ ನೆಲದಿಂದ ದೊರೆಯುವ ಸುಣ್ಣ ಕಡಮೆ. ಸುಣ್ಣದ ಕೊರತೆಯಿಂದ ಚಿಪ್ಪು ತೆಳುವಾಗುವುದಲ್ಲದೆ ಸ್ನಾಯುಗಳು ಬಿಗಿಯುವ ಶಕ್ತಿಯೂ ಕುಂದುತ್ತದೆ. ಮೊಟ್ಟೆ ಸಿಕ್ಕಿಕೊಳ್ಳಲು ಇದೊಂದು ಕಾರಣ. ಬಸವನಹುಳು, ಒಲೆಯ ಬೂದಿ, ಮನೆಯಲ್ಲಿ ಎಸೆದ ಮೊಟ್ಟೆಯೋಡು, ಕಡಲತಡಿಯಿಂದ ಬಂದ ಮರುವಾಯಿಯ ಚಿಪ್ಪು ಇವುಗಳನ್ನು ಕುಕ್ಕಿ ತಿನ್ನುವ ಕೋಳಿಗೆ ಈ ಕೊರತೆ ಸ್ವಲ್ಪ ತುಂಬುತ್ತದೆ. ಇನ್ನು ಮಳೆಗಾಲದ ಮೂರು ನಾಲ್ಕು ತಿಂಗಳು ಕೋಳಿಗೆ ಒಣಮಣ್ಣಿನಲ್ಲಿ ಹೊರಳುವ ಅವಕಾಶವಿಲ್ಲ. ಹೊರಳುವುದು ಕೋಳಿಗೆ ಆಟವಲ್ಲ, ಸ್ನಾನ. ನುಣುಪಾದ ಧೂಳು ಹೇನು ಉಣ್ಣಿಗಳ ಮೈಯ ಪಸೆಯನ್ನು ಹೀರಿ ಅವುಗಳನ್ನು ಕೊಲ್ಲುತ್ತದೆ. ಆ ಕಾಲದಲ್ಲಿ ಬಚ್ಚಲೊಲೆಯ ಬೂದಿಗುಂಡಿಯೇ ಒಣಗಿದ ಸ್ಥಳ. ಕೋಳಿ ಅಲ್ಲಿಗೆ ಹೋಗುವುದನ್ನು ತಡೆಯದಿರುವುದೂ, ಮೈಗೆ ಬೂದಿ ತಿಕ್ಕುವುದೂ, ಗೂಡಿಗೆ ಬೂದಿ ಚೆಲ್ಲುವುದೂ ಈ ದೃಷ್ಟಿಯಿಂದ ಸಾರ್ಥಕವಾದ ಕ್ರಮಗಳೇ ಆಗಿವೆ.

ಊರಕೋಳಿಗೆ ಇನ್ನೊಂದು ರಕ್ಷೆಯೂ ಇದ್ದಿತು. ಅದು ವರ್ಷಕ್ಕೆ ಇಡುವ ಮೊಟ್ಟೆ 50ರಿಂದ 60. ಅದೂ ಮೂರು ನಾಲ್ಕು ಕಂತುಗಳಲ್ಲಿ, ನಡುನಡುವೆ ಕಾವು ಕೂತು ಮರಿ ಸಾಕುತ್ತ. ಮೊಟ್ಟೆ ಚಿಕ್ಕದು, ಮೈಯಲ್ಲಿ ಕೊಬ್ಬು ಅಲ್ಪ. ಹೀಗೆ ಅಂಡನಾಳಕ್ಕೆ ವಿಶ್ರಾಂತಿ ತಾನಾಗಿಯೇ ದೊರೆಯುತ್ತಿದ್ದಿತು.

5. ಉಪಚಾರಗಳ ಪರಿಶೀಲನೆ

ಈ ವಿದ್ಯೆಯ ಮೊದಲ ಪಾಠ ಬೆರಳಿನದು. ಬೆಳಿಗ್ಗೆ ಗೂಡು ತೆರೆಯುವಾಗ ಹೇಂಟೆಯನ್ನು ಹಿಡಿದು, ಹಿಂದ್ವಾರದಲ್ಲಿ ಬೆರಳಿಟ್ಟು, ಮೊಟ್ಟೆ ಇದೆಯೇ ಎಂದು ನೋಡುವ ರೂಢಿ ಕನ್ನಡ ನಾಡಿನ ಹಳ್ಳಿಗಳಲ್ಲಿ ವ್ಯಾಪಕವಾದುದು. ಮೊಟ್ಟೆಯಿದ್ದರೆ ಅದನ್ನು ಬುಟ್ಟಿಯಡಿ ಕವುಚಿಡುವರು. ಇಲ್ಲದಿದ್ದರೆ ಹೊರಗೆ ಬಿಡುವರು. ಇದರ ಉದ್ದೇಶ ಮೊಟ್ಟೆ ಪೊದೆಯ ಪಾಲಾಗದಿರಲೆಂಬುದೇ. ಆದರೆ ದಿನದಿನವೂ ನಡೆವ ಈ ಪರೀಕ್ಷೆಯಿಂದ ಬೇನೆಯ ಮೊದಲ ಸುಳಿವೂ ಸಿಗುತ್ತಿದ್ದಿತು: ದ್ವಾರ ಒಣಗಿದೆಯೇ, ಬಾತಿದೆಯೇ, ಗರಿಗೆ ಬಿಳಿಮಲ ಅಂಟಿದೆಯೇ, ನಿನ್ನೆ ಇದ್ದ ಮೊಟ್ಟೆ ಇಂದೂ ಅಲ್ಲಿಯೇ ಇದೆಯೇ. ಇಂದಿನ ಪಶುವೈದ್ಯನು ಕೇಳುವ ಪ್ರಶ್ನೆಗಳೂ ಇವೇ. ಕೈ ತೊಳೆಯದೆ ಮಾಡಿದರೆ ಅದೇ ಬೆರಳು ಸೋಂಕನ್ನು ಒಂದು ಕೋಳಿಯಿಂದ ಇನ್ನೊಂದಕ್ಕೆ ಒಯ್ಯುತ್ತದೆಂಬುದನ್ನೂ ಹೇಳಬೇಕು.

ಮೊಟ್ಟೆ ಸಿಕ್ಕಿಕೊಂಡಾಗ ಕೋಳಿ ಬಾಲ ಇಳಿಬಿಟ್ಟು, ಮೈ ಉಬ್ಬಿಸಿ, ಮತ್ತೆ ಮತ್ತೆ ತಿಣುಕುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಹಿಂಬದಿಯನ್ನು ಕಾಲು ಗಂಟೆಯಿಂದ ಅರ್ಧ ಗಂಟೆಯ ತನಕ ಅದ್ದಿಡುವುದು, ದ್ವಾರಕ್ಕೆ ತೆಂಗಿನೆಣ್ಣೆ ಸವರುವುದು, ಬೆಚ್ಚಗಿನ ಕತ್ತಲೆಯಲ್ಲಿ ಬಿಡುವುದು, ಇವು ಮನೆಯಲ್ಲಿಯೇ ಸಾಧ್ಯವಾದ ಉಪಚಾರಗಳು. ಇಂದಿನ ವೈದ್ಯವೂ ಇವನ್ನು ಒಪ್ಪುತ್ತದೆ, ಜೊತೆಗೆ ಕ್ಯಾಲ್ಸಿಯಂ ಕೊಡುತ್ತದೆ. ಒಳಗೆ ಮೊಟ್ಟೆಯನ್ನು ಒಡೆದು ತೆಗೆಯುವುದು ಅಪಾಯ. ಚಿಪ್ಪಿನ ಚೂರು ಅಂಡನಾಳವನ್ನು ಸೀಳಬಹುದು.

ಅಂಡನಾಳ ಹೊರಬಂದಾಗ ಮೊದಲು ಮಾಡಬೇಕಾದುದು ಕೋಳಿಯನ್ನು ಬೇರ್ಪಡಿಸುವುದು. ಕೆಂಪಾದುದನ್ನು ಕಂಡ ಕೂಡಲೆ ಇತರ ಕೋಳಿಗಳು ಕುಕ್ಕತೊಡಗುತ್ತವೆ; ಬೇನೆಗಿಂತಲೂ ಕುಕ್ಕುವಿಕೆಯಿಂದಲೇ ಸಾಯುವುದುಂಟು. ಬುಟ್ಟಿಯಡಿ ಕವುಚುವ ರೂಢಿ ಇಲ್ಲಿಯೂ ಸಹಾಯಕ್ಕೆ ಬರುತ್ತದೆ. ಅನಂತರ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ 9 ಗ್ರಾಮಿನಷ್ಟು ಉಪ್ಪು ಬೆರಸಿ ತೊಳೆದು, ಎಣ್ಣೆ ಹಚ್ಚಿದ ಬೆರಳಿನಿಂದ ಮೆಲ್ಲಗೆ ಒಳಕ್ಕೆ ಒತ್ತಬೇಕು. ಬಾವು ಹೆಚ್ಚಿದ್ದರೆ ಸಕ್ಕರೆ ಅಥವಾ ಜೇನು ಸವರಿದಲ್ಲಿ ಅದು ನೀರನ್ನು ಎಳೆದು ಬಾವನ್ನು ತಗ್ಗಿಸುತ್ತದೆ. ಕೆಲವು ದಿನ ಬೆಳಕನ್ನು ಕಡಮೆ ಮಾಡಿದರೆ ಮೊಟ್ಟೆಯಿಡುವುದು ನಿಲ್ಲುತ್ತದೆ. ಅಂಗಕ್ಕೆ ಬಲ ಬರಲು ಅದೇ ಬೇಕಾದುದು. ಗಾಯಕ್ಕೆ ಅರಿಶಿನ ಹಚ್ಚುವುದು ನಮ್ಮ ಮನೆಗಳ ಸಾಮಾನ್ಯ ಪದ್ಧತಿ. ಚರ್ಮದ ಗಾಯಕ್ಕೆ ಅದು ಸರಿಯಾದರೂ ಹೊರಬಂದ ಒದ್ದೆ ಒಳಪದರಕ್ಕೆ ಪುಡಿ ಅಂಟಿಸುವುದು ತರವಲ್ಲ. ಒಮ್ಮೆ ಜಾರಿದುದು ಮತ್ತೆ ಜಾರುವ ಸಂಭವ ಹೆಚ್ಚು. ಅಂಥ ಕೋಳಿಯ ಮೊಟ್ಟೆಯನ್ನು ಕಾವಿಗಿಡದಿರುವುದು ಒಳ್ಳೆಯದು.

ಉದರದೊಳಗೆ ಕೀವಾದ ಕೋಳಿಗೆ ಮನೆಮದ್ದು ಇಲ್ಲ. ಹೊಟ್ಟೆ ಜೋತು, ಮೈ ನೆಟ್ಟಗೆ ನಿಲ್ಲಿಸಿ ನಡೆಯುವ ಕೋಳಿಯನ್ನು ಉಳಿಸುವುದು ಇಂದಿನ ಔಷಧಗಳಿಂದಲೂ ಕಷ್ಟ. ಇಲ್ಲಿ ಹಿಂದಿನವರು ಕತ್ತಿಯನ್ನು ಕೈಗೆತ್ತಿಕೊಂಡುದನ್ನು ನಿರ್ದಯೆಯೆಂದು ಹೇಳಲಾಗದು. ಆದರೆ ಅಂಥ ಕೋಳಿಯನ್ನು ತಿನ್ನುವುದು ಸರಿಯಲ್ಲ.

6. ಹೊರಲೋಕದಲ್ಲಿ ಬೆರಳಿನ ವಿದ್ಯೆ

ಬೆಳುವಾಯಿಯಂಥ ಊರುಗಳಲ್ಲಿ ಹೆಸರಿಲ್ಲದೆ ಉಳಿದ ಈ ವಿದ್ಯೆ ಬೇರೆಡೆ ಹೆಸರು ಪಡೆದುದನ್ನು ಹೋಲಿಸಿ ನೋಡಬೇಕು. 1913ರಲ್ಲಿ ಅಮೆರಿಕದ ವಾಲ್ಟರ್ ಹೋಗನ್ ಎಂಬವನು, ಹಿಂದ್ವಾರದ ಬಳಿಯ ಎರಡು ಎಲುಬುಗಳ ನಡುವಣ ಅಂತರವನ್ನು ಬೆರಳಿನಿಂದ ಅಳೆದು ಮೊಟ್ಟೆಯಿಡುವ ಕೋಳಿಯನ್ನು ಗುರುತಿಸುವ ಕ್ರಮವನ್ನು ಪುಸ್ತಕವಾಗಿ ಪ್ರಕಟಿಸಿದನು. ಅದು 'ಹೋಗನ್ ಪದ್ಧತಿ'ಯೆಂದು ಪ್ರಸಿದ್ಧವಾಯಿತು. ಜಪಾನಿನ ಮಸುಯಿ ಮತ್ತು ಅವನ ಸಹೋದ್ಯೋಗಿಗಳು ಒಂದು ದಿನದ ಮರಿಯ ದ್ವಾರವನ್ನು ತೆರೆದು ಹೆಣ್ಣು ಗಂಡು ತಿಳಿಯುವ ವಿಧಾನವನ್ನು ಕಂಡುಹಿಡಿದರು; 1927ರಲ್ಲಿ ಒಟ್ಟಾವಾದ ವಿಶ್ವ ಕುಕ್ಕುಟ ಸಮ್ಮೇಲನದ ಮೂಲಕ ಅದು ಲೋಕಕ್ಕೆ ತಿಳಿಯಿತು. ಇನ್ನೂ ಹಿಂದೆ ಪಾದುವಾ ನಗರದ ಫ್ಯಾಬ್ರಿಸಿಯಸ್ ಎಂಬ ವೈದ್ಯನು ಕೋಳಿಯ ಹಿಂದ್ವಾರದ ಮೇಲ್ಗಡೆ ಒಂದು ಚಿಕ್ಕ ಚೀಲವನ್ನು ಗುರುತಿಸಿದ್ದನು. ಅವನ ಗ್ರಂಥ ಮರಣಾನಂತರ 1621ರಲ್ಲಿ ಪ್ರಕಟವಾಯಿತು. ಆ ಚೀಲವೇ ದೇಹದ ರೋಗನಿರೋಧಕ ಶಕ್ತಿಯ ಒಂದು ಮೂಲವೆಂದು 1956ರಲ್ಲಿ ಗ್ಲಿಕ್ ಮೊದಲಾದವರು ತೋರಿಸಿದರು. ಮನುಷ್ಯನ ರಕ್ತದಲ್ಲಿಯೂ ಇರುವ 'ಬಿ' ಕಣಗಳ ಹೆಸರಿಗೆ ಮೂಲ ಕೋಳಿಯ ಈ ಚೀಲವೇ. ನೋಡಲು ಹೇಸುವ ಸ್ಥಳದಿಂದಲೇ ವೈದ್ಯಕ್ಕೆ ಇಷ್ಟು ದೊಡ್ಡ ಲಾಭವಾಯಿತು.

7. ಸರಕಾರಿ ಪಶುವೈದ್ಯ ಮತ್ತು ಹೊಸ ತಳಿಗಳು

ದಕ್ಷಿಣ ಕನ್ನಡವು 1956ರ ರಾಜ್ಯ ಪುನರ್ವಿಂಗಡಣೆಯ ತನಕ ಮದ್ರಾಸಿಗೆ ಸೇರಿದ್ದಿತು. ಬ್ರಿಟಿಷರ ಕಾಲದ ಪಶುವೈದ್ಯಕ್ಕೆ ಪ್ರೇರಕವಾದುದು ದನಗಳ ಪಿಡುಗು. 1866ರ ಮದ್ರಾಸು ದನರೋಗ ಕಾಯಿದೆ ಇದಕ್ಕೆ ಸಾಕ್ಷಿ. 1903ರಲ್ಲಿ ಮದ್ರಾಸಿನಲ್ಲಿ ಪಶುವೈದ್ಯ ಕಾಲೇಜು ಆರಂಭವಾದುದೂ ಈ ಹಿನ್ನೆಲೆಯಲ್ಲಿಯೇ. ಕೋಳಿಯು ಇಲಾಖೆಯ ಗಮನಕ್ಕೆ ಬಂದುದು 1927ರಲ್ಲಿ ರಾಣಿಖೇತದಲ್ಲಿ ಗುರುತಿಸಲಾದ ಸಾಂಕ್ರಾಮಿಕದಿಂದ. 1940ರ ದಶಕದಲ್ಲಿ ಮುಕ್ತೇಶ್ವರದಲ್ಲಿ ಅದಕ್ಕೆ ಲಸಿಕೆ ಸಿದ್ಧವಾಯಿತು. ಹೀಗೆ ಹಳ್ಳಿಗೆ ಲಸಿಕೆ ಬಂದಿತು. ಆದರೆ ಒಂದೊಂದೇ ಕೋಳಿಯ ಮೊಟ್ಟೆದಾರಿಯ ಬೇನೆ ಮನೆಯ ಪಾಲಿಗೇ ಉಳಿಯಿತು. ಏಕೆಂದರೆ ಅದು ಹರಡುವ ಪಿಡುಗಲ್ಲ.

1980ರ ದಶಕದ ಕೊನೆಯಲ್ಲಿ ಬೆಂಗಳೂರಿನ ಪಶುವೈದ್ಯ ಕಾಲೇಜಿನಿಂದ ಹೊರಬಂದ 'ಗಿರಿರಾಜ', ಆ ಬಳಿಕ 2005ರಲ್ಲಿ ಬಂದ 'ಸ್ವರ್ಣಧಾರಾ' ತಳಿಗಳು ಹಿತ್ತಲ ಸಾಕಣೆಗೆಂದೇ ರೂಪುಗೊಂಡವು. ಅವುಗಳ ಮೈ ದೊಡ್ಡದು, ಮೊಟ್ಟೆ ದೊಡ್ಡದು, ಸಂಖ್ಯೆಯೂ ಊರಕೋಳಿಯ ಎರಡರಷ್ಟಕ್ಕಿಂತ ಹೆಚ್ಚು. ಒಕ್ಕಲಿಗೆ ಇದರಿಂದ ಲಾಭವುಂಟು. ಆದರೆ ದೇಹದ ಲೆಕ್ಕವೂ ಉಂಟು: ಮೊಟ್ಟೆ ಹೆಚ್ಚಿದಷ್ಟು ಸುಣ್ಣ ಹೆಚ್ಚು ಬೇಕು, ಮೈಯಲ್ಲಿ ಕೊಬ್ಬು ಸೇರಿ ಮೊಟ್ಟೆ ದೊಡ್ಡದಾದಷ್ಟು ಅಂಡನಾಳ ಜಾರುವ ಸಂಭವ ಹೆಚ್ಚು. ಊರಕೋಳಿಗೆ ಸಾಕಾಗುತ್ತಿದ್ದ ಬಸವನಹುಳು ಬೂದಿಗಳು ಇವಕ್ಕೆ ಸಾಲವು. ಚಿಪ್ಪಿನ ನುಚ್ಚನ್ನು ಬೇರೆಯಾಗಿಯೇ ಇಡಬೇಕು. ಅನಿಲದ ಒಲೆ ಬಂದ ಮನೆಗಳಲ್ಲಿ ಬೂದಿಯೂ ಕಡಮೆಯಾಗಿದೆ. ಎಂದರೆ ಬೇನೆಗೆ ಅವಕಾಶ ಹೆಚ್ಚುತ್ತಿರುವ ಕಾಲದಲ್ಲಿಯೇ ಅದನ್ನು ಬೆರಳಿನಿಂದ ಗುರುತಿಸಬಲ್ಲ ಹಿರಿಯ ಹೆಂಗಸರ ವಿದ್ಯೆ ತೆಗೆದುಕೊಳ್ಳುವವರಿಲ್ಲದೆ ಕ್ಷೀಣಿಸುತ್ತಿದೆ.

8. ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಮೂರು ಸಂಗತಿಗಳು ಸ್ಥೂಲವಾಗಿ ಸಿದ್ಧವಾಗುತ್ತವೆ. ಕೋಳಿಯ ವೈದ್ಯ ಬರಹಕ್ಕೆ ಬಾರದಿರಲು ಮಡಿಮೈಲಿಗೆಯು ಒಂದು ಕಾರಣವಾದರೂ ಬೆಲೆ ಮತ್ತು ಹೆಂಗಸರ ಕೆಲಸದ ಕುರಿತ ಅಲಕ್ಷ್ಯ ಅದಕ್ಕಿಂತ ಮುಖ್ಯ ಕಾರಣಗಳು. ಈ ಅಲಿಖಿತ ವೈದ್ಯ ಕೇವಲ ಮೂಢನಂಬಿಕೆಯ ಮೊತ್ತವಲ್ಲ, ನೆಲ, ಮಳೆ, ಒಲೆ, ಕೋಳಿಯ ಮೈ ಇವುಗಳ ಪರಸ್ಪರ ಸಂಬಂಧಕ್ಕೆ ಒಗ್ಗಿದ ಕ್ರಮಗಳು ಅದರಲ್ಲಿವೆ, ಕೈಬಿಡಬೇಕಾದುವೂ ಇವೆ. ಹಾಗೆಯೇ, ಇಂತಹ ವಿದ್ಯೆಯ ಚರಿತ್ರೆಗೆ ಶಾಸನ ಓಲೆಗಳಷ್ಟೇ ಸಾಲವು. ಶಬ್ದ, ಮನೆಯ ರಚನೆ, ಕೈಯ ಅಭ್ಯಾಸ ಇವೂ ಆಧಾರಗಳೇ.

ನಮ್ಮ ಕಾಲೇಜುಗಳಲ್ಲಿ ಇತಿಹಾಸ ಓದುವ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿಯ ಮನೆಯ ಹಿಂದೆ ಕೋಳಿಗೂಡು ಇದೆ. ಅವರು ತಮ್ಮ ಅಜ್ಜಿಯಂದಿರನ್ನು ಕೇಳಿ, ಯಾವ ಬೇನೆಗೆ ಯಾವ ಹೆಸರು, ಯಾವ ಉಪಚಾರ, ಅದರಿಂದ ಕೋಳಿ ಉಳಿಯಿತೇ ಎಂಬುದನ್ನು ಗ್ರಾಮವಾರು ಬರೆದಿಟ್ಟರೆ ಚರಿತ್ರೆಗೂ ಪಶುವೈದ್ಯಕ್ಕೂ ಉಪಕಾರವಾದೀತು. ಓಲೆಗಳು ಇನ್ನೂ ಕೆಲವು ಶತಮಾನ ಬಾಳಬಹುದು. ಈ ವಿದ್ಯೆಗೆ ಅಷ್ಟು ಕಾಲಾವಕಾಶವಿಲ್ಲ.